ತೋಡಿನಲ್ಲಿ ಬಿಟ್ಟ ಯೋಚನೆ ತಿರುಗಿ ಬಂದರೆ ಅಭ್ಯಾಸ ಸೋತಂತೆಯೇ?

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯ ಓದುಗರೊಬ್ಬರು ಬರೆದಿದ್ದಾರೆ. ಶಾಲೆಯಲ್ಲಿ ಕೌನ್ಸಿಲರ್ ಆಗಿರುವ ಅವರು, ಮಲಗಿದಲ್ಲೇ ಇರುವ ಮಕ್ಕಳನ್ನು ನೋಡಿಕೊಳ್ಳುವ ತಾಯಂದಿರ ಮನೆಗಳಿಗೂ ಹೋಗಿ ಬರುತ್ತಾರೆ. ‘ಆ್ಯಕ್ಸೆಪ್ಟೆನ್ಸ್ ಆ್ಯಂಡ್ ಕಮಿಟ್‌ಮೆಂಟ್ ಥೆರಪಿ’, ಅಂದರೆ ಒಳಗಿನ ನೋವಿಗೆ ಜಾಗ ಕೊಟ್ಟು ತನಗೆ ಮುಖ್ಯವೆನಿಸಿದ ಕಡೆಗೆ ನಡೆಯಲು ಕಲಿಸುವ ಮನೋಚಿಕಿತ್ಸೆಯ ಕಿರು ತರಬೇತಿ ಮುಗಿಸಿ ಅದರ ಅಭ್ಯಾಸಗಳನ್ನು ಮಾಡಿಸತೊಡಗಿದ್ದಾರೆ. ಬಂದ ಯೋಚನೆಗಳನ್ನು ತೋಡಿನ, ಅಂದರೆ ಸಣ್ಣ ಹಳ್ಳದ, ನೀರಿನಲ್ಲಿ ತೇಲುವ ಎಲೆಗಳ ಮೇಲಿಟ್ಟು ಹೋಗಲು ಬಿಡುವಂತೆ ಕಲ್ಪಿಸುವುದು ಅವುಗಳಲ್ಲೊಂದು. ಅವರ ಮಾತು ಹೀಗಿದೆ: “ಮಾಡಿಸುವಾಗ ಎಲ್ಲರಿಗೂ ಹಾಯೆನಿಸುತ್ತದೆ. ಮುಂದಿನ ವಾರ ಬಂದು, ‘ಟೀಚರ್, ಯೋಚನೆಯನ್ನು ಎಲೆಯ ಮೇಲಿಟ್ಟು ಬಿಟ್ಟೆ, ಮನೆಗೆ ಹೋಗುವಷ್ಟರಲ್ಲಿ ತಿರುಗಿ ಬಂತು’ ಎನ್ನುತ್ತಾರೆ. ತಾಯಿಯೊಬ್ಬರಿಗೆ ಅವರ ಯೋಚನೆಯನ್ನು ಹಾಡಿನ ಧಾಟಿಯಲ್ಲಿ ಹೇಳಲು ಹೇಳಿದೆ, ಎದ್ದು ಒಳಗೆ ಹೋದರು. ಯಾರಿಗೆ ಯಾವ ಅಭ್ಯಾಸ, ಯಾವ ಕ್ರಮದಲ್ಲಿ, ಎಷ್ಟು ಹೊತ್ತು? ಎಂಡೋಸಲ್ಫಾನ್ ಕೀಟನಾಶಕದಿಂದ ನೊಂದ ಮನೆಯಲ್ಲಿ ಕೂತು ‘ಒಪ್ಪಿಕೊಳ್ಳಿ’ ಎಂದು ಹೇಗೆ ಹೇಳಲಿ?”

ಪ್ರಿಯ ಓದುಗರೇ,

ಯೋಚನೆ ತಿರುಗಿ ಬಂದರೆ ಅಭ್ಯಾಸ ಸೋತಂತಲ್ಲ. ಆದರೆ ನಿಮ್ಮಲ್ಲಿಗೆ ಬಂದವರು ಅದನ್ನು ಸೋಲು ಎಂದುಕೊಂಡರಲ್ಲ, ಅಲ್ಲಿ ನಮ್ಮ ಕಡೆಯ ಕೊರತೆ ಇದೆ. ಯೋಚನೆಯನ್ನು ಓಡಿಸುವ ಉಪಾಯವೆಂದೇ ಅವರು ಅಭ್ಯಾಸವನ್ನು ಕಲಿತಿದ್ದಾರೆ. 1980ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಟೀವನ್ ಹೇಯ್ಸ್ ಮತ್ತು ಸಂಗಡಿಗರು ಈ ಚಿಕಿತ್ಸೆಯನ್ನು ರೂಪಿಸಲು ತೊಡಗಿದಾಗ ಅವರು ಬಿಡಿಸಲು ಹೊರಟ ಗಂಟು ಇದೇ: ಒಳಗಿನ ನೋವನ್ನು ಹೇಗಾದರೂ ಹೊರದಬ್ಬಬೇಕೆಂಬ ಹೋರಾಟದಲ್ಲಿ ಬದುಕು ಕಿರಿದಾಗುತ್ತ ಹೋಗುವುದು. ಎಲೆಯ ಅಭ್ಯಾಸವೂ ಆ ಹೋರಾಟದ ಹೊಸ ಆಯುಧವಾದರೆ ಹಳೆಯ ಕಾಯಿಲೆಯೇ ಮುಂದುವರಿಯುತ್ತದೆ. ಭೇಟಿಯ ಕೊನೆಗೆ ಅವರು ಹಾಯಾಗಿದ್ದಾರೆಯೇ ಎಂದು ನೋಡಬೇಡಿ. ಭಯ ಜೊತೆಗಿದ್ದರೂ ಈ ವಾರ ಅವರ ಕೈಕಾಲು ಯಾವ ಹೊಸ ಕೆಲಸಕ್ಕೆ ಹೊರಟಿತು ಎಂದು ನೋಡಿ.

ಹಾಗಾಗಿ ಮೊದಲ ಭೇಟಿಯಲ್ಲಿ ಯಾವ ಅಭ್ಯಾಸವೂ ಬೇಡ. ಒಂದು ಹಾಳೆಯಲ್ಲಿ ನಾಲ್ಕು ಕಂಬ ಎಳೆಯಿರಿ. ಈ ತೊಂದರೆಯನ್ನು ಹೋಗಲಾಡಿಸಲು ಇದುವರೆಗೆ ಏನೇನು ಮಾಡಿದಿರಿ? ಆ ಕ್ಷಣಕ್ಕೆ ಏನಾಯಿತು? ತಿಂಗಳುಗಳ ಲೆಕ್ಕದಲ್ಲಿ ಏನಾಯಿತು? ಅದಕ್ಕಾಗಿ ಏನನ್ನು ಬಿಟ್ಟುಕೊಟ್ಟಿರಿ? ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಈಗ ಮಲಯಾಳ, ಇಂಗ್ಲಿಷ್ ತುಂಬಿದ ಪ್ಲಸ್ ವನ್ (ಹನ್ನೊಂದನೆಯ) ತರಗತಿಯಲ್ಲಿ ಕೂತ ಹುಡುಗಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಕೊನೆಯ ಬೆಂಚಿಗೆ ಹೋದೆ, ಪ್ರಶ್ನೆ ಕೇಳುವುದು ಬಿಟ್ಟೆ, ಸೆಮಿನಾರ್ ದಿನ ಹೊಟ್ಟೆನೋವೆಂದು ರಜೆ ಹಾಕಿದೆ ಎಂದು ಮೊದಲ ಕಂಬದಲ್ಲಿ ಬರುತ್ತದೆ. ಎರಡನೆಯದರಲ್ಲಿ ಎಲ್ಲದಕ್ಕೂ ‘ಸಮಾಧಾನವಾಯಿತು’. ಮೂರನೆಯದರಲ್ಲಿ ‘ಭಯ ಜಾಸ್ತಿಯಾಯಿತು’. ನಾಲ್ಕನೆಯದರಲ್ಲಿ ಗೆಳತಿಯರು, ಅಂಕ, ತಾನು ಆಗಬೇಕೆಂದುಕೊಂಡಿದ್ದ ನರ್ಸ್ ಕೆಲಸ. ಇಲ್ಲಿ ನೀವು ತೀರ್ಪು ಕೊಡಬಾರದು. “ನೋಡು, ಯಾವುದೂ ನಡೆಯಲಿಲ್ಲ” ಎಂದಿರೋ, ಅವಳು ಬೈಸಿಕೊಂಡಂತೆ ಮುದುಡುತ್ತಾಳೆ. ಹಾಳೆಯನ್ನು ಅವಳ ಕಡೆಗೆ ತಿರುಗಿಸಿಟ್ಟು, “ಇದನ್ನು ನೋಡಿದರೆ ನಿನಗೆ ಏನನಿಸುತ್ತದೆ?” ಎಂದಷ್ಟೇ ಕೇಳಿ ಸುಮ್ಮನಿರಿ. ಆ ಮೌನವನ್ನು ತುಂಬಲು ಅವಸರಪಡದಿರುವುದು ಹೊಸಬರಿಗೆ ಬಲು ಕಷ್ಟ. ಈ ಹಾಳೆ ಇಲ್ಲದೆ ಮಾಡಿಸಿದ ಅಭ್ಯಾಸ ಬರೀ ವಿಶ್ರಾಂತಿಯಾಗಿ ಮುಗಿಯುವುದೇ ಹೆಚ್ಚು.

ಯೋಚನೆಯಿಂದ ತುಸು ದೂರ ಸರಿದು ನಿಲ್ಲುವ ಅಭ್ಯಾಸಗಳಲ್ಲಿ ಹಳೆಯದು ಪದವನ್ನು ಮತ್ತೆ ಮತ್ತೆ ಹೇಳುವುದು. ಹೀಗೆ ಹೇಳುತ್ತಾ ಹೋದರೆ ಪದದ ಅರ್ಥ ಕರಗುತ್ತದೆ ಎಂಬುದನ್ನು ಟಿಚನರ್ ಎಂಬ ಮನಶ್ಶಾಸ್ತ್ರಜ್ಞ 1916ರಲ್ಲೇ ಬರೆದಿದ್ದ. ನೇರವಾಗಿ ನೋವಿನ ಪದಕ್ಕೆ ಹೋಗಬೇಡಿ. ಮೊದಲು ‘ಹಾಲು’ ಎನ್ನಿ. ಬಿಳಿ, ಬಿಸಿ, ಮೇಲೆ ಕಟ್ಟಿದ ಕೆನೆ, ನಾಲಿಗೆಯ ರುಚಿ ಎಲ್ಲವೂ ಬಂತೇ ಎಂದು ಕೇಳಿ. ಆಮೇಲೆ ಇಬ್ಬರೂ ಸೇರಿ ಗಟ್ಟಿಯಾಗಿ, ವೇಗವಾಗಿ ‘ಹಾಲು ಹಾಲು ಹಾಲು’ ಎಂದು ಸುಮಾರು 30 ಸೆಕೆಂಡು ಹೇಳಿ. ಕೆನೆ ಎಲ್ಲಿ ಹೋಯಿತು? ಉಳಿದದ್ದು ಬಾಯಿಯ ಸದ್ದು. ಇದು ಮನದಟ್ಟಾದ ಮೇಲೆ ಅವಳ ಯೋಚನೆಯನ್ನು ಒಂದು ಪದಕ್ಕೆ ಇಳಿಸಿ, ‘ದಡ್ಡಿ’ ಎಂದಿಟ್ಟುಕೊಳ್ಳಿ. ಅದು ಎಷ್ಟು ಚುಚ್ಚುತ್ತದೆ, ಎಷ್ಟು ನಿಜವೆನಿಸುತ್ತದೆ ಎಂಬ ಎರಡಕ್ಕೂ ಸೊನ್ನೆಯಿಂದ ನೂರರೊಳಗೆ ಅಂಕ ಹಾಕಿಸಿ, ಅದೇ ರೀತಿ ಹೇಳಿ, ಮತ್ತೆ ಅಂಕ ಕೇಳಿ. ಮಸೂದಾ ಎಂಬ ಸಂಶೋಧಕ ಮತ್ತು ಸಂಗಡಿಗರು ಈ ಅಭ್ಯಾಸದ ಮೇಲೆ ನಡೆಸಿದ ಅಧ್ಯಯನಗಳಲ್ಲಿ ಚುಚ್ಚುವಿಕೆ ಕೆಲವೇ ಸೆಕೆಂಡುಗಳಲ್ಲಿ ಇಳಿದರೂ, ನಿಜವೆಂಬ ನಂಬಿಕೆ ಸಡಿಲಾಗಲು 20ರಿಂದ 30 ಸೆಕೆಂಡು ಹಿಡಿಯಿತು. ಐದಾರು ಸಲ ಹೇಳಿಸಿ ನಿಲ್ಲಿಸಿದರೆ ಅರ್ಧ ಕೆಲಸವಷ್ಟೇ ಆಗುತ್ತದೆ. ನೀವು ಸುಮ್ಮನಿದ್ದು ಅವಳೊಬ್ಬಳಿಂದ ಹೇಳಿಸಿದರೆ ನಾಚಿಕೆಯಲ್ಲಿ ದನಿ ಇಳಿಯುತ್ತದೆ, ಪದ ಕರಗುವುದಿಲ್ಲ.

ಮನೆಯಲ್ಲಿ ತುಳು ಮಾತಾಡುವವರಿಗೆ, ಮಲಯಾಳದಲ್ಲಿ ಬೈಸಿಕೊಂಡವರಿಗೆ ಯೋಚನೆ ಯಾವ ಭಾಷೆಯಲ್ಲಿ ಬರುತ್ತದೆಯೋ ಆ ಪದವನ್ನೇ ಬಳಸಿ. ನಾವು ಶಿಷ್ಟ ಕನ್ನಡಕ್ಕೆ ತಿದ್ದಿ ಕೊಟ್ಟ ಪದಕ್ಕೆ ಮೊದಲೇ ಚುಚ್ಚುವ ಶಕ್ತಿ ಇರುವುದಿಲ್ಲ. “ಇದು ನಾಮಜಪದ ಹಾಗಲ್ಲವೇ?” ಎಂದು ಹಿರಿಯರು ಕೇಳಿದರೆ, ಜಪದಲ್ಲಿ ಹೆಸರಿನ ಮಹತ್ವ ಹೆಚ್ಚಲೆಂದು ಹೇಳುತ್ತೇವೆ, ಇಲ್ಲಿ ಪದದ ಹಿಡಿತ ಸಡಿಲಾಗಲೆಂದು ಹೇಳುತ್ತೇವೆ ಎಂದು ತಿಳಿಸಿ. ದೇವರ, ದೈವದ, ತೀರಿಕೊಂಡವರ ಹೆಸರನ್ನು ಇದಕ್ಕೆ ತರಲೇಬೇಡಿ.

ಇನ್ನು ಎದ್ದು ಹೋದ ಆ ತಾಯಿ. ಹಾಡಿಗೆ ಹಾಕಲು ಹೇಳಿದ ಯೋಚನೆ “ನಾನು ಸತ್ತ ಮೇಲೆ ಇವನನ್ನು ಯಾರು ನೋಡುತ್ತಾರೆ?” ಎಂಬುದು ಎಂದು ನೀವೇ ಬರೆದಿದ್ದೀರಿ. ಅವರು ಎದ್ದು ಹೋದದ್ದು ಸರಿ ಎಂದೇ ನಮಗೆ ಅನಿಸುತ್ತದೆ. ‘ನಾನು ದಡ್ಡಿ’ ಎಂಬುದು ತನಗೆ ತಾನೇ ಅಂಟಿಸಿಕೊಂಡ ಚೀಟಿ. ಈ ತಾಯಿಯದು ಉತ್ತರ ಬೇಡುವ ನಿಜವಾದ ಪ್ರಶ್ನೆ. ಅದನ್ನು ರಾಗವಾಗಿ ಹೇಳಿಸಿದರೆ ಅವರ ದುಃಖವನ್ನು ಆಡಿಕೊಂಡಂತೆ ಕೇಳುತ್ತದೆ. ಹಾಡು, ಕಾರ್ಟೂನ್ ದನಿ, ಪದದ ಪುನರಾವರ್ತನೆ ಇವನ್ನೆಲ್ಲ ಹೊಸ ಸಾವಿನ ಮನೆಯಲ್ಲಿ, ದೌರ್ಜನ್ಯದ ನೆನಪಿನೊಂದಿಗೆ ಬಂದವರಲ್ಲಿ, ನಿಮ್ಮ ಮೇಲೆ ಇನ್ನೂ ನಂಬಿಕೆ ಕೂರದವರಲ್ಲಿ ಮಾಡಿಸಬಾರದು.

ಇಂಥ ಯೋಚನೆ ಬಂದಾಗ ಮೊದಲು ಅದರಲ್ಲಿ ಕೈಯಿಂದ ಆಗುವ ಭಾಗವನ್ನು ಬೇರೆ ಮಾಡಿ. 1999ರ ನ್ಯಾಷನಲ್ ಟ್ರಸ್ಟ್ ಕಾಯಿದೆಯ ಪ್ರಕಾರ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹುವಿಧ ಅಂಗವೈಕಲ್ಯ ಇರುವವರಿಗೆ 18 ವರ್ಷ ತುಂಬಿದ ಮೇಲೆ ಕಾನೂನುಬದ್ಧ ಪಾಲಕರನ್ನು ನೇಮಿಸಬಹುದು. ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಸ್ಥಳೀಯ ಸಮಿತಿಗೆ ಅರ್ಜಿ ಹಾಕಬೇಕು. ಆ ಅರ್ಜಿಗೆ ಯಾರ ಹೆಸರು ಬರೆಯಬಹುದು, ತಮ್ಮನೋ ಅಕ್ಕನ ಮಗಳೋ ಎಂದು ಕೂತು ಮಾತಾಡುವುದೇ ಆ ದಿನದ ಚಿಕಿತ್ಸೆ. ಅರ್ಜಿ ಹಾಕಿದ ಮೇಲೂ ರಾತ್ರಿ ಎರಡು ಗಂಟೆಗೆ ಅದೇ ಪ್ರಶ್ನೆ ಎದೆಯ ಮೇಲೆ ಬಂದು ಕೂರುತ್ತದೆ. ಅಭ್ಯಾಸ ಬೇಕಾದದ್ದು ಆ ಹೊತ್ತಿಗೆ. ಅಂಗೈಯನ್ನು ಎದೆಯ ಮೇಲಿಡಲಿ. ಭಾರ ಎಲ್ಲಿಂದ ಎಲ್ಲಿಯವರೆಗಿದೆ, ಬಿಸಿಯೋ ತಣ್ಣಗೋ, ಅದಕ್ಕೆ ಅಂಚು ಇದೆಯೇ ಎಂದು ಮೂರು ನಾಲ್ಕು ನಿಮಿಷ ಗಮನಿಸಲಿ. ಉಸಿರು ಅದರ ಸುತ್ತ ಹೋಗಿ ಬರಲಿ. “ಕಡಿಮೆಯಾಯಿತೇ?” ಎಂದು ಮಾತ್ರ ಕೇಳಬೇಡಿ. ಕೇಳಿದಿರೋ, ಅವರು ಅದನ್ನು ಕಡಿಮೆ ಮಾಡಲಿಕ್ಕೇ ಕೂರುತ್ತಾರೆ. “ಇದು ಇದ್ದ ಹಾಗೆಯೇ ಇರುವಾಗ, ಈಗ ನಿಮಗೆ ಏನು ಮಾಡಬೇಕೆನಿಸುತ್ತದೆ?” ಎಂದು ಕೇಳಿ. ಮಗನ ಮಗ್ಗುಲು ಬದಲಿಸಿ ಮಲಗುತ್ತೇನೆ ಎಂದರೆ ಅಷ್ಟು ಸಾಕು.

‘ಒಪ್ಪಿಕೊಳ್ಳಿ’ ಎಂಬ ಮಾತನ್ನು ಆ ಮನೆಗಳಲ್ಲಿ ಆಡಬೇಡಿ. ಗೇರು ತೋಟಗಳ ಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ ಆಕಾಶದಿಂದ ವಿಷ ಸುರಿದು, 2000ದಲ್ಲಷ್ಟೇ ನಿಂತಿತು. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳಲ್ಲಿ ಕೊಡಬೇಕೆಂದು 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೂ ಎಷ್ಟೋ ಮನೆಯವರು ವರ್ಷಗಟ್ಟಲೆ ಕಾದರು. ಆ ಅನ್ಯಾಯವನ್ನು ಒಪ್ಪಿಕೊಳ್ಳಿ ಎಂದು ಈ ಚಿಕಿತ್ಸೆ ಎಲ್ಲೂ ಹೇಳುವುದಿಲ್ಲ. ಅದು ಜಾಗ ಕೊಡಲು ಹೇಳುವುದು ಒಳಗೆ ಏಳುವ ದಣಿವು, ಸಿಟ್ಟು, ‘ನಾನೇ ಆ ನೀರು ಕುಡಿದೆನಲ್ಲ’ ಎಂಬ ಪಾಪಭಾವಕ್ಕೆ. ಅವು ಜೊತೆಗಿರುವಾಗಲೇ ಕಡತ ಹಿಡಿದು ವಿದ್ಯಾನಗರದ ಕಲೆಕ್ಟರೇಟಿಗೆ ಬಸ್ಸು ಹತ್ತುವುದು ಈ ಚಿಕಿತ್ಸೆಯ ಎರಡನೆಯ ಅರ್ಧ. ಗಂಡನ ಹೊಡೆತ ತಿನ್ನುತ್ತಿರುವ ಹೆಂಗಸಿನ ವಿಷಯದಲ್ಲೂ ಹೀಗೆಯೇ. ಮೊದಲು ಸುರಕ್ಷತೆ, 181 ಸಹಾಯವಾಣಿ, 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆಯಡಿ ರಕ್ಷಣೆ. ಹೊಡೆತ ಸಹಿಸಲು ಬಲ ಕೊಡುವ ಯಾವ ಅಭ್ಯಾಸವನ್ನೂ ಕಲಿಸಬೇಡಿ. ಸಾಯುವ ಮಾತು ಬಂದರೆ ಅಭ್ಯಾಸದ ಹಾಳೆಯನ್ನು ಬದಿಗಿಟ್ಟು ನೇರವಾಗಿ ಕೇಳಿ, ಒಬ್ಬರನ್ನೇ ಬಿಟ್ಟು ಬರಬೇಡಿ, ವೈದ್ಯರಿಗೆ ತಲುಪಿಸಿ. ಸಹಾಯವಾಣಿಗಳಾದ ಟೆಲಿ ಮಾನಸ್ 14416, ಕೇರಳದ ದಿಶಾ 1056 ಎರಡೂ ನಿಮ್ಮ ಫೋನಿನಲ್ಲಿರಲಿ.

ಈಗ ಎಲೆಯ ಅಭ್ಯಾಸ. ಬೆನ್ನು ನೇರ, ಪಾದ ನೆಲಕ್ಕೆ, ಕಣ್ಣು ಮುಚ್ಚಲು ಇಷ್ಟವಿಲ್ಲದವರು ನೆಲದ ಒಂದು ಬಿಂದು ನೋಡಲಿ. ತೋಡಿನ ಬದಿಯಲ್ಲಿ ಕೂತಂತೆ, ನೀರಿನಲ್ಲಿ ಎಲೆಗಳು ಹೋಗುತ್ತಿರುವಂತೆ ಕಲ್ಪಿಸಲಿ. ಬಂದ ಪ್ರತಿ ಯೋಚನೆಯನ್ನೂ ಒಂದೊಂದು ಎಲೆಯ ಮೇಲಿಟ್ಟು ಅದರ ವೇಗದಲ್ಲೇ ಹೋಗಲು ಬಿಡಲಿ. ಮೊದಲ ಸಲ ಐದು ನಿಮಿಷ, ಆಮೇಲೆ ಹತ್ತರವರೆಗೆ. ಎಡವುವುದು ಹೆಚ್ಚಾಗಿ ಮೂರು ಕಡೆ. ಕೆಟ್ಟ ಯೋಚನೆಯನ್ನು ಮಾತ್ರ ಇಡುತ್ತಾರೆ. ಒಳ್ಳೆಯದು, ‘ಬೇಜಾರು’, ‘ಮಧ್ಯಾಹ್ನ ಊಟಕ್ಕೇನು’, ‘ಏನೂ ಬರುತ್ತಿಲ್ಲ’ ಎಲ್ಲವನ್ನೂ ಇಡಬೇಕು. ಎಲೆಯನ್ನು ದೂಡುತ್ತಾರೆ, ಅದು ಸುಳಿಯಲ್ಲಿ ಸಿಕ್ಕಿಕೊಂಡರೆ ಸಿಕ್ಕಿಕೊಂಡೇ ಇರಲಿ. ಯೋಚನೆಯ ಜೊತೆ ತಾವೇ ತೇಲಿ ಹೋಗಿ, ಎಚ್ಚರವಾದಾಗ ತಮ್ಮನ್ನು ಬೈದುಕೊಳ್ಳುತ್ತಾರೆ. ಎಚ್ಚರವಾಗಿ ದಡಕ್ಕೆ ಬರುವುದೇ ಇಲ್ಲಿ ಕಲಿಯುವ ಸಂಗತಿ ಎಂದು ಮೊದಲೇ ಹೇಳಿಡಿ. ಹಿನ್ನೆಲೆಯಲ್ಲಿ ಕೊಳಲಿನ ಸಂಗೀತ ಬೇಡ. ಇದು ನಿದ್ದೆಯ ಉಪಾಯವಲ್ಲ. ಮನೆಯವರನ್ನು ಮಳೆಗಾಲದ ನೀರಿಗೆ ಕಳೆದುಕೊಂಡವರಿಗೆ ತೋಡು ಬೇಡವೇ ಬೇಡ; ಬಸ್ ಸ್ಟ್ಯಾಂಡಿನ ಬೆಂಚಿನಲ್ಲಿ ಕೂತು, ಬಂದು ಹೋಗುವ ಬಸ್ಸುಗಳನ್ನು ಹತ್ತದೆ ನೋಡುವಂತೆ ಹೇಳಿ.

ಅಭ್ಯಾಸ ಐದು ನಿಮಿಷವಾದರೆ ಅದರ ನಂತರದ ಮಾತು ಹತ್ತು ನಿಮಿಷವಿರಲಿ. ಏನು ಗಮನಕ್ಕೆ ಬಂತು? ಎಲ್ಲಿ ಸಿಕ್ಕಿಬಿದ್ದೆ? ತರಗತಿಯಲ್ಲಿ ಕೈ ಎತ್ತಬೇಕೆನ್ನುವಾಗ ಇದೇ ಆಗುತ್ತದೆಯೇ? ಮೂರನೆಯ ಪ್ರಶ್ನೆ ಬಿಟ್ಟುಹೋದರೆ ಎಲೆಗಳು ನಿಮ್ಮ ಕೋಣೆಯಲ್ಲೇ ಉಳಿಯುತ್ತವೆ.

ಬಸ್ಸು ಓಡಿಸುವ ಆಟದಂಥ ಇನ್ನೊಂದು ಅಭ್ಯಾಸ ಶಾಲೆಗೆ ತುಂಬ ಹೊಂದುತ್ತದೆ. ಒಬ್ಬಳು ಡ್ರೈವರ್, ಮೂರು ನಾಲ್ಕು ಮಂದಿ ಹಿಂದಿನಿಂದ ಕೂಗುವ ಪ್ರಯಾಣಿಕರು, ಅಂದರೆ ಅವಳ ಯೋಚನೆಗಳು. ಹೊರಡುವ ಮೊದಲು ಬೋರ್ಡಿನ ಮೇಲೆ ಹೋಗುವ ಊರು ಬರೆಯಿಸಲೇಬೇಕು: ‘ಗೊತ್ತಿಲ್ಲದ್ದನ್ನು ಕೇಳಿ ಕಲಿಯುವವಳಾಗುವುದು’ ಎಂಬಂತೆ. ಊರಿಲ್ಲದೆ ಆಡಿಸಿದರೆ ಗಲಾಟೆ ಮಾತ್ರ. ಮೊದಲು ಅವರೊಡನೆ ವಾದ ಮಾಡುತ್ತಾ, ಆಮೇಲೆ ಅವರು ಹೇಳಿದ ಕಡೆಗೆ ತಿರುಗಿಸುತ್ತಾ, ಕೊನೆಗೆ ಕೂಗು ಕೇಳಿಸಿಕೊಂಡೇ ತನ್ನ ಊರಿನ ಕಡೆಗೆ, ಹೀಗೆ ಮೂರು ಸಲ ಓಡಿಸಲಿ. ಕೂಗುವ ಮಾತುಗಳನ್ನು ಡ್ರೈವರ್ ತಾನೇ ಚೀಟಿಯಲ್ಲಿ ಬರೆದುಕೊಡಬೇಕು. ನಿಜವಾಗಿ ಅವಳನ್ನು ಗೇಲಿ ಮಾಡುವ ಮಕ್ಕಳು ಆ ಗುಂಪಿನಲ್ಲಿರಬಾರದು.

ಮೌಲ್ಯವನ್ನು, ಅಂದರೆ ಬದುಕಿನಲ್ಲಿ ತನಗೆ ಯಾವುದು ಮುಖ್ಯವೆಂಬುದನ್ನು, ಕೇಳುವಾಗ ನಮ್ಮಲ್ಲಿ ಮನೆಯವರ ಉತ್ತರವೇ ಮೊದಲು ಬರುತ್ತದೆ. ಅದು ಸುಳ್ಳೆಂದಲ್ಲ. “ಯಾರಿಗೂ ಗೊತ್ತಾಗದಿದ್ದರೂ ಇದನ್ನು ಮಾಡುತ್ತಿದ್ದೆಯಾ?” ಎಂದು ಒಮ್ಮೆ ಕೇಳಿದರೆ ಅವಳದು ಯಾವುದೆಂದು ತಿಳಿಯುತ್ತದೆ. ‘ಹೆದರದೆ ಇರುವುದು’, ‘ಅಳದೆ ಇರುವುದು’ ಎಂಬ ಗುರಿಗಳನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಆಗ್ಡೆನ್ ಲಿಂಡ್ಸ್ಲಿ ಕೊಟ್ಟ ಪರೀಕ್ಷೆಗೆ ಹಾಕಿ: ಸತ್ತವನೂ ಮಾಡಬಲ್ಲದ್ದು ನಡವಳಿಕೆಯಲ್ಲ. ಆಮೇಲೆ ಕೆಲಸವನ್ನು ಚಿಕ್ಕದು ಮಾಡಿ. ‘ಧೈರ್ಯವಾಗಿ ಮಾತಾಡುತ್ತೇನೆ’ ಬೇಡ. ‘ಗುರುವಾರ ಕೆಮಿಸ್ಟ್ರಿ ಪೀರಿಯಡ್‌ನಲ್ಲಿ, ನನಗೆ ಬಂದಷ್ಟು ಮಲಯಾಳದಲ್ಲಿ, ಒಂದು ಪ್ರಶ್ನೆ ಕೇಳುತ್ತೇನೆ. ಆಗ ಗಂಟಲು ಒಣಗುತ್ತದೆ, ದಡ್ಡಿ ಎಂಬ ಮಾತು ಬರುತ್ತದೆ, ಬರಲಿ’ ಎಂದು ಅವಳ ಕೈಯಲ್ಲೇ ಬರೆಯಿಸಿ.

ಕ್ರಮ ಕೇಳಿದ್ದೀರಿ. ವಿಶ್ವ ಆರೋಗ್ಯ ಸಂಸ್ಥೆ ಇದೇ ಚಿಕಿತ್ಸೆಯ ತಳಹದಿಯಲ್ಲಿ 2020ರಲ್ಲಿ ಒಂದು ಸಚಿತ್ರ ಕೈಪಿಡಿ ತಂದಿದೆ. ಅದರಲ್ಲಿ ಐದು ಹಂತಗಳಿವೆ: ನೆಲಕ್ಕೆ ಕಾಲೂರುವುದು, ಯೋಚನೆಯ ಕೊಕ್ಕೆಯಿಂದ ಬಿಡಿಸಿಕೊಳ್ಳುವುದು, ಮೌಲ್ಯದಂತೆ ನಡೆಯುವುದು, ಕರುಣೆಯಿಂದಿರುವುದು, ನೋವಿಗೆ ಜಾಗ ಮಾಡುವುದು. ಇದರ ಜೊತೆಯ ತರಗತಿಗಳನ್ನು ಉಗಾಂಡದಲ್ಲಿದ್ದ ದಕ್ಷಿಣ ಸುಡಾನಿನ ನಿರಾಶ್ರಿತ ಹೆಂಗಸರ ಗುಂಪುಗಳಲ್ಲಿ ನಡೆಸಿ ಪ್ರಯೋಜನ ಕಂಡಿದ್ದಾರೆ. ಹೊಸಬರಿಗೆ ಈ ಕ್ರಮ ಕ್ಷೇಮ. ನೋವಿಗೆ ಜಾಗ ಮಾಡುವುದು ಅಲ್ಲಿ ಕೊನೆಗೆ ಬರುತ್ತದೆ ಎಂಬುದನ್ನು ಗಮನಿಸಿ. ಮೌಲ್ಯ ಗೊತ್ತಾಗುವ ಮೊದಲು ನೋವಿನ ಜೊತೆ ಕೂರು ಎಂದರೆ ಯಾತಕ್ಕೆಂದು ಯಾರಿಗೂ ಅರ್ಥವಾಗುವುದಿಲ್ಲ.

ಪ್ರತಿ ಭೇಟಿಯ ನಂತರ ನಿಮ್ಮ ಪುಸ್ತಕದಲ್ಲಿ ನಾಲ್ಕು ಸಂಗತಿ ಬರೆದಿಡಿ: ಅವರದೇ ಮಾತಿನಲ್ಲಿ ಸಿಕ್ಕಿಕೊಂಡ ಯೋಚನೆ, ಮಾಡಿಸಿದ ಅಭ್ಯಾಸ, ಅವರು ಗಮನಿಸಿದ್ದು, ಮುಂದಿನ ಭೇಟಿಯೊಳಗೆ ಮಾಡುವ ಕೆಲಸ. ಮೂರನೆಯ ಭೇಟಿಯಲ್ಲೂ ಈ ನಾಲ್ಕನೆಯದರ ಜಾಗ ಖಾಲಿ ಇದ್ದರೆ ಹೊಸ ಅಭ್ಯಾಸ ಹುಡುಕಬೇಡಿ. ಮೊದಲ ದಿನದ ಆ ನಾಲ್ಕು ಕಂಬದ ಹಾಳೆಯನ್ನು ಮತ್ತೆ ಮೇಜಿನ ಮೇಲಿಟ್ಟು, ಏನನ್ನು ಬಿಟ್ಟುಕೊಟ್ಟಿದ್ದೀರಿ ಎಂಬ ಕೊನೆಯ ಕಂಬದಿಂದ ಮಾತು ಶುರುಮಾಡಿ.

— ಸಂಪಾದಕರು