ಹಳೇ ಬಾಡಿಗೆ ಮನೆ, ಹಸಿ ಗೋಡೆ, ಕೈಯಲ್ಲಿ ಹತ್ತು ಸಾವಿರ: ಎಲ್ಲಿಂದ ಶುರು ಮಾಡೋದು?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಧಾರವಾಡದಲ್ಲಿ ಹಳೇ ಹಂಚಿನ ಮನೆ, ಬಾಡಿಗೆಗೆ ಬಂದು ಆರು ತಿಂಗಳು. ಪಡಸಾಲೆಯ ಒಂದು ಗೋಡೆಯ ಬಣ್ಣ ಪೊರೆ ಪೊರೆಯಾಗಿ ಏಳುತ್ತಿದೆ, ಬಚ್ಚಲಿನ ನಳ ಸೋರುತ್ತದೆ, ಹಗಲಲ್ಲೂ ಮನೆ ಕತ್ತಲೆ. ದೀಪಾವಳಿಗೆ ಅಪ್ಪ ಅಮ್ಮ ಬರುತ್ತಾರೆ, ಕೈಯಲ್ಲಿರೋದು ಹತ್ತು ಸಾವಿರ. ಆ ಗೋಡೆಗೆ ವಾಲ್‌ಪೇಪರ್ ಅಂಟಿಸಿಬಿಡಲಾ ಅಂತ ಕೇಳಿದ್ದೀರಿ.

ಬೇಡ. ವಾಲ್‌ಪೇಪರ್ ಅಂತೂ ಬೇಡವೇ ಬೇಡ.

ಇದನ್ನು ಇಷ್ಟು ಖಡಾಖಂಡಿತವಾಗಿ ಹೇಳೋಕೆ ಕಾರಣ ಇದೆ. ಮದುವೆಯಾದ ಹೊಸತರಲ್ಲಿ ನಾವು ಧಾರವಾಡದ ಮಾಳಮಡ್ಡಿಯಲ್ಲಿ ಇಂಥದೇ ಮನೆಯಲ್ಲಿದ್ದೆವು. ಗೋಡೆ ಹಸಿ ಹಿಡಿದಿತ್ತು. ದಸರೆಗೆ ಮನೆ ಚಂದ ಕಾಣಲಿ ಅಂತ ದುಬಾರಿ ಆಯಿಲ್ ಪೇಂಟ್ ಹೊಡೆಸಿದೆ. ಕನ್ನಡಿ ಥರ ಹೊಳೀತಿತ್ತು. ಬಂದವರೆಲ್ಲ ಕೈಯಾಡಿಸಿ ನೋಡೋರು. ಮುಂದಿನ ಜುಲೈ ಹೊತ್ತಿಗೆ ಗೋಡೆ ತುಂಬ ಗುಳ್ಳೆ. ಒಂದು ಗುಳ್ಳೆಯನ್ನು ಪಿನ್ನಿನಿಂದ ಚುಚ್ಚಿದೆ. ಒಳಗಿಂದ ನೀರು ಸಣ್ಣ ಗೆರೆಯಾಗಿ ಇಳಿದು ಬಂತು. ಬಣ್ಣದ ಹಿಂದೆ ಗಿಲಾವು ಒದ್ದೆ ಬಿಸ್ಕತ್ತಿನ ಹಾಗೆ ಮೆತ್ತಗಾಗಿತ್ತು. ಆಮೇಲೆ ಬಂದ ಗೌಂಡಿ ಗೋಡೆಗೆ ಎರಡು ಸಲ ಬಡಿದು ನೋಡಿ, "ಅಕ್ಕಾರ, ಗ್ವಾಡಿಗೆ ಉಸಿರಾಡಾಕ ಬಿಟ್ಟಿಲ್ಲಲ್ರೀ ನೀವು" ಅಂದ. ಅವತ್ತು ನಗು ಬಂತು. ಆದರೆ ಅವನು ಹೇಳಿದ್ದು ನೂರಕ್ಕೆ ನೂರು ಸರಿ.

ಹಳೇ ಮನೆಗಳ ಗೋಡೆಯ ಬುಡದಲ್ಲಿ ನೆಲದ ತೇವ ತಡೆಯುವ ಪದರ ಸಾಮಾನ್ಯವಾಗಿ ಇರುವುದಿಲ್ಲ. ಮಣ್ಣಿನ ನೀರನ್ನು ಇಟ್ಟಿಗೆ, ಕಲ್ಲು, ಗಾರೆ ಎಲ್ಲ ಬತ್ತಿ ಎಣ್ಣೆ ಹೀರಿದ ಹಾಗೆ ಮೇಲಕ್ಕೆಳೆಯುತ್ತವೆ. ಆ ನೀರು ಗೋಡೆಯ ಮೇಲ್ಮೈಯಿಂದ ಆವಿಯಾಗಿ ಹೋಗಬೇಕು. ಆಯಿಲ್ ಪೇಂಟ್, ವಾಲ್‌ಪೇಪರ್, ಅಂಟಿಸುವ ಪ್ಲಾಸ್ಟಿಕ್ ಹಲಗೆ, ಎಲ್ಲವೂ ಆ ದಾರಿ ಮುಚ್ಚುತ್ತವೆ. ನೀರಿನ ಜತೆ ಬಂದ ಉಪ್ಪು ಬಣ್ಣದ ಹಿಂದೆ ಹರಳುಗಟ್ಟಿ, ಬಣ್ಣವನ್ನೂ ಗಿಲಾವನ್ನೂ ಹೊರಕ್ಕೆ ತಳ್ಳುತ್ತದೆ. ಉದುರಿದ ಜಾಗಕ್ಕೆ ಸಿಮೆಂಟ್ ಬಳಿದರೂ ಅದೇ ಕಥೆ, ಹಸಿ ಇನ್ನೂ ಮೇಲಕ್ಕೆ ಹತ್ತುತ್ತದೆ.

ಹಾಗಾಗಿ ಮೊದಲು ನೀರು ಎಲ್ಲಿಂದ ಬರ್ತಿದೆ ಅಂತ ಪತ್ತೆ ಹಚ್ಚಿ. ಇದಕ್ಕೆ ದುಡ್ಡು ಬೇಡ. ನೆಲದಿಂದ ಮೂರಡಿಯವರೆಗೆ ಮಾತ್ರ ಹಸಿ ಇದ್ದರೆ ಅದು ನೆಲದ ತೇವ. ಮೇಲಿಂದ ಕೆಳಗೆ ಕಂದು ಕಲೆ ಇಳಿದಿದ್ದರೆ ಹಂಚು ಒಡೆದಿದೆ ಅಥವಾ ಸರಿದಿದೆ. ಗೋಡೆಯ ನಡುವೆ ಒಂದೇ ಕಡೆ ದುಂಡಗೆ ಹಸಿ ಇದ್ದು, ಆಚೆ ಬದಿಗೆ ಬಚ್ಚಲೋ ಅಡುಗೆಮನೆಯೋ ಇದ್ದರೆ ಒಳಗಿನ ಪೈಪಿನ ಮೇಲೆ ಅನುಮಾನಪಡಿ. ಇನ್ನೂ ಗೊಂದಲ ಇದ್ದರೆ ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗಿಟ್ಟು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಎರಡು ದಿನ ಬಿಡಿ. ಹಾಳೆಯ ಹಿಂಬದಿ ಹನಿಗಟ್ಟಿದರೆ ನೀರು ಗೋಡೆಯೊಳಗಿನದು. ಮುಂಬದಿ ಹನಿಗಟ್ಟಿದರೆ ಅದು ಮನೆಯೊಳಗಿನ ಹಬೆ, ಕಿಟಕಿ ತೆರೆದಿಟ್ಟರೆ ಅರ್ಧ ರೋಗ ವಾಸಿ. ಒಂದು ಮಾತು: ಆ ಹಸಿ ಗೋಡೆಯಲ್ಲಿ ಸ್ವಿಚ್ ಬೋರ್ಡ್ ಇದ್ದರೆ ಅದನ್ನು ಮುಟ್ಟಬೇಡಿ. ಇವತ್ತೇ ಎಲೆಕ್ಟ್ರಿಷಿಯನ್ ಕರೆಸಿ, ಮಾಲೀಕರಿಗೂ ತಿಳಿಸಿ.

ಹೊರಗೂ ಒಂದು ಸುತ್ತು ಹಾಕಿ. ನಮ್ಮ ಮನೆಯಲ್ಲಿ ಗೋಡೆಯ ಬುಡಕ್ಕೆ ಒರಗಿಸಿ ಮಣ್ಣು ಏರಿಸಿ ಯಾರೋ ದಾಸವಾಳ ಹಚ್ಚಿದ್ದರು. ದಿನಾ ನಾನೇ ನೀರು ಹಾಕ್ತಿದ್ದೆ! ಮಣ್ಣು ಕೆಳಗಿಳಿಸಿ, ನೀರು ಗೋಡೆಯಿಂದ ದೂರ ಹರಿಯುವ ಹಾಗೆ ಇಳಿಜಾರು ಮಾಡಿದ ಮೇಲೆ ಒಂದೇ ಬೇಸಿಗೆಯಲ್ಲಿ ಫರಕು ಕಂಡಿತು.

ಹಂಚಿನ ಕೆಲಸಕ್ಕೆ ನೀವೇ ಮೇಲೆ ಹತ್ತಬೇಡಿ. ರೂಢಿ ಇರೋರು ಕೆಳಗಿನ ಕಟ್ಟಿಗೆ ಎಲ್ಲಿದೆ ಅಂತ ನೋಡಿ ಕಾಲಿಡುತ್ತಾರೆ. ನಾವು ಹತ್ತಿದರೆ ಒಡೆದದ್ದು ಒಂದಿದ್ದರೆ ಇಳಿಯೋ ಹೊತ್ತಿಗೆ ಐದಾಗಿರುತ್ತವೆ. ಮಂಗಳೂರು ಹಂಚಿನ ಕಾರ್ಖಾನೆಯನ್ನು ಬಾಸೆಲ್ ಮಿಷನ್ ಶುರು ಮಾಡಿದ್ದು 1865ರಲ್ಲಿ. ಆಮೇಲೆ ಎಷ್ಟೋ ಕಾರ್ಖಾನೆಗಳು ಬಂದವು. ಒಬ್ಬರ ಹಂಚು ಇನ್ನೊಬ್ಬರದರ ಜತೆ ಸರಿಯಾಗಿ ಕೂರುವುದಿಲ್ಲ. ಆದ್ದರಿಂದ ಅಂಗಡಿಗೆ ಹೋಗುವಾಗ ಒಂದು ಹಳೇ ಹಂಚನ್ನು ಚೀಲದಲ್ಲಿ ಹಾಕಿಕೊಂಡೇ ಹೋಗಿ. ಹೇಗೂ ಆಳು ಮೇಲೆ ಹತ್ತಿರುತ್ತಾನಲ್ಲ, ಆಗಲೇ ಪಡಸಾಲೆಯ ನಡುವೆ ಎರಡು ಗಾಜಿನ ಹಂಚು ಹಾಕಿಸಿಬಿಡಿ. ನಿಮ್ಮ ಕತ್ತಲೆಗೆ ಇದಕ್ಕಿಂತ ಅಗ್ಗದ ಮದ್ದು ಇಲ್ಲ. ಬೆಳಿಗ್ಗೆ ಹತ್ತಕ್ಕೆ ನೆಲದ ಮೇಲೆ ಬಿಸಿಲಿನ ಒಂದು ಚೌಕ ಬೀಳುತ್ತದೆ, ಮಧ್ಯಾಹ್ನಕ್ಕೆ ಅದು ಸರಿದು ಆ ಕಡೆ ಗೋಡೆ ಹತ್ತುತ್ತದೆ. ನನ್ನ ಮಗಳು ಅದರ ಹಿಂದೆಯೇ ಚಾಪೆ ಎಳೆದುಕೊಂಡು ಹೋಗೋಳು.

ಈಗ ಗೋಡೆಗೆ ಬರೋಣ. ನನ್ನ ಉತ್ತರ ಸುಣ್ಣ. ನಮ್ಮ ಅಜ್ಜಿ ಕಾಲದ್ದು ಅಂತ ಮೂಗು ಮುರಿಯಬೇಡಿ. ಸುಣ್ಣ ತೇವವನ್ನು ಹೊರಗೆ ಬಿಡುತ್ತದೆ, ಬೂಷ್ಟು ಬೆಳೆಯಲು ಸುಲಭಕ್ಕೆ ಬಿಡುವುದಿಲ್ಲ, ಖರ್ಚು ಬಣ್ಣದ ಕಾಲು ಭಾಗವೂ ಇಲ್ಲ. ಮೊದಲು ಏಳುತ್ತಿರುವ ಬಣ್ಣವನ್ನು ಪೂರ್ತಿ ಕೆರೆದು ತೆಗೆಯಿರಿ. ಆಯಿಲ್ ಪೇಂಟಿನ ಮೇಲೆ ಸುಣ್ಣ ನಿಲ್ಲುವುದಿಲ್ಲ. ಬಿಳಿ ಉಪ್ಪು ಬಂದಿದ್ದರೆ ಒಣ ಬ್ರಷ್‌ನಿಂದ ಉದುರಿಸಿ ಗುಡಿಸಿ. ನೀರು ಹಾಕಿ ತೊಳೆದರೆ ಉಪ್ಪು ಕರಗಿ ಮತ್ತೆ ಗೋಡೆಯೊಳಗೇ ಹೋಗುತ್ತದೆ. ಕೆರೆದ ಮೇಲೆ ಗೋಡೆಯನ್ನು ಎಷ್ಟು ದಿನ ಹಾಗೇ ಬಿಡಲು ಸಾಧ್ಯವೋ ಅಷ್ಟು ಬಿಡಿ. ನೋಡೋಕೆ ಅಸಹ್ಯ, ಆದರೆ ಒಣಗುವುದು ಆಗಲೇ.

ಸುಣ್ಣ ತಯಾರಿಸುವಾಗ ಹುಷಾರು. ಸುಟ್ಟ ಸುಣ್ಣದ ಹರಳು ತಂದರೆ ನೀರಿಗೆ ಸುಣ್ಣ ಹಾಕಬೇಕು, ಸುಣ್ಣದ ಮೇಲೆ ನೀರು ಸುರಿಯಬಾರದು. ಹಾಕಿದ ಕೂಡಲೇ ಸುಯ್ ಅಂತ ಕುದಿಯಲು ಶುರುವಾಗುತ್ತದೆ, ಹಬೆ ಏಳುತ್ತದೆ. ತೆಳು ಪ್ಲಾಸ್ಟಿಕ್ ಬಕೆಟ್ ಆದರೆ ಸೊಟ್ಟಗಾಗುತ್ತದೆ. ಹಳೇ ಕಬ್ಬಿಣದ ಡಬ್ಬ ತಗೊಳ್ಳಿ, ಅಂಗಳದಲ್ಲಿ ಮಾಡಿ, ಮಕ್ಕಳನ್ನು ಒಳಗೆ ಕಳಿಸಿ, ಕಣ್ಣಿಗೆ ಕನ್ನಡಕ ಹಾಕಿ. ಸುಣ್ಣ ಕಣ್ಣಿಗೆ ಬಿದ್ದರೆ ತಮಾಷೆ ಅಲ್ಲ, ತುಂಬ ಹೊತ್ತು ನೀರಿನಿಂದ ತೊಳೆದು ಡಾಕ್ಟರ ಹತ್ತಿರ ಓಡಬೇಕು. ಇಷ್ಟೆಲ್ಲ ರಗಳೆ ಬೇಡ ಅನಿಸಿದರೆ ಅರಳಿದ ಸುಣ್ಣದ ಪುಡಿ ಚೀಲದಲ್ಲೇ ಸಿಗುತ್ತದೆ. ಕಣ್ಣಿನ ಎಚ್ಚರ ಅದಕ್ಕೂ ಬೇಕು.

ಹೇಗಾದರೂ ಒಂದು ರಾತ್ರಿ ನೆನೆಯಲಿ. ಬೆಳಿಗ್ಗೆ ಹಳೇ ಧೋತರದಲ್ಲಿ ಸೋಸಿ. ಬಿಸಿನೀರಿನಲ್ಲಿ ಕರಗಿಸಿದ ಗೋಂದು ಸ್ವಲ್ಪ, ಬಟ್ಟೆಗೆ ಹಾಕೋ ನೀಲಿ ಒಂದು ಚಿಟಿಕೆ ಸೇರಿಸಿ. ನೀಲಿ ಜಾಸ್ತಿ ಆದರೆ ಮನೆ ಆಸ್ಪತ್ರೆ ಥರ ಕಾಣುತ್ತೆ. ಹದ ಹಾಲಿನಷ್ಟು ತೆಳು ಇರಬೇಕು, ಮೊಸರಿನಷ್ಟು ಗಟ್ಟಿ ಅಲ್ಲ. ಎಲ್ಲರೂ ತಪ್ಪೋದು ಇಲ್ಲೇ. ಗೋಡೆಗೆ ಸ್ವಲ್ಪ ನೀರು ಚಿಮುಕಿಸಿ ಮೊದಲ ಕೈ ಮೇಲೆ ಕೆಳಗೆ ಎಳೆಯಿರಿ. ಹಚ್ಚಿದಾಗ ಏನೂ ಕಾಣುವುದಿಲ್ಲ, ಬರೀ ನೀರು ಬಳಿದ ಹಾಗಿರುತ್ತದೆ. "ಅಯ್ಯೋ ತೆಳುವಾಯ್ತು" ಅಂತ ಮತ್ತೆ ಮತ್ತೆ ಮೆತ್ತಬೇಡಿ. ಮರುದಿನ ನೋಡಿ, ಗಾಳಿ ಕುಡಿದು ಬೆಳ್ಳಗಾಗಿರುತ್ತದೆ. ನಿಜಕ್ಕೂ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿಯೇ ಸುಣ್ಣ ಕಲ್ಲಾಗುವುದು. ಎರಡನೇ ಕೈ ಅಡ್ಡಡ್ಡ. ಬೇಕಿದ್ದರೆ ಮೂರನೆಯದು.

ಸುಣ್ಣದ ಒಂದು ದೋಷವನ್ನೂ ಹೇಳಬೇಕು. ಒರಗಿದರೆ ಬಟ್ಟೆಗೆ ಹತ್ತುತ್ತದೆ. ಗೋಂದು ಹಾಕಿದರೂ ಸ್ವಲ್ಪ ಹತ್ತುತ್ತದೆ. ಅದಕ್ಕೇ ಕೆಳಗಿನ ಎರಡೂವರೆ ಅಡಿಗೆ ಸುಣ್ಣದಲ್ಲೇ ಹುರಮಂಜು, ಅಂದರೆ ಕೆಮ್ಮಣ್ಣಿನ ಪುಡಿ ಕಲಸಿ ಕೆಂಪು ಪಟ್ಟಿ ಎಳೆಯಿರಿ. ಕಾಲಿನ ಕೊಳೆ ಕಾಣೋದಿಲ್ಲ, ಮುಂದೆ ಮತ್ತೆ ಹಸಿ ಏರಿದರೂ ಎದ್ದು ಕಾಣುವುದಿಲ್ಲ. ಮೇಲೆ ಬಿಳಿ, ಕೆಳಗೆ ಕೆಂಪು, ನಡುವೆ ದಾರ ಹಿಡಿದು ಎಳೆದ ನೇರ ಗೆರೆ. ಇಷ್ಟಿದ್ದರೆ ಗೋಡೆಗೆ ಬೇರೆ ಅಲಂಕಾರವೇ ಬೇಡ.

ನಳದ ವಿಷಯ ಚಿಕ್ಕದು. ಹಳೇ ಹಿತ್ತಾಳೆ ನಳ ಸೋರುತ್ತಿದ್ದರೆ ಹತ್ತರಲ್ಲಿ ಒಂಬತ್ತು ಸಲ ಒಳಗಿನ ವೈಸರ್ (ವಾಷರ್) ಸವೆದಿರುತ್ತದೆ. ನಮ್ಮ ಕಡೆ ಮಲಪ್ರಭಾ ನೀರು ದಿನಾ ಬರದ ಓಣಿಗಳಲ್ಲಿ ಒಂದು ಅನುಕೂಲ: ಬೀದಿ ಲೈನಿನ ನಳವಾದರೆ ನೀರಿಲ್ಲದ ದಿನ ಆರಾಮಾಗಿ ಬಿಚ್ಚಬಹುದು. ಅನಾನುಕೂಲವೂ ಅದೇ. ಸರಿಯಾಯಿತೋ ಇಲ್ಲವೋ ಗೊತ್ತಾಗಲು ಮುಂದಿನ ಸರದಿಯವರೆಗೆ ಕಾಯಬೇಕು! ಟಾಕಿಯಿಂದ ಬರೋ ನಳವಾದರೆ ಮೊದಲು ವಾಲ್ವ್ ಬಂದ್ ಮಾಡಿ. ಪಾನಾದಿಂದ (ಸ್ಪ್ಯಾನರ್) ನಳದ ಮೇಲಿನ ನಟ್ ಬಿಚ್ಚಿ, ಒಳಗಿನ ಭಾಗವನ್ನೇ ಹಾರ್ಡ್‌ವೇರ್ ಅಂಗಡಿಗೆ ಒಯ್ದು ತೋರಿಸಿ. ವೈಸರ್ ಕೆಲವೇ ರೂಪಾಯಿ. ಬಿಚ್ಚುವಾಗ ಇನ್ನೊಂದು ಕೈಯಿಂದ ನಳವನ್ನು ಗಟ್ಟಿ ಹಿಡಿದಿರಿ. ನಾನು ಹಾಗೆ ಹಿಡಿಯದೆ ಪೂರ್ತಿ ಬಲ ಹಾಕಿದ್ದೆ. ತುಕ್ಕು ಹಿಡಿದ ಪೈಪು ಗೋಡೆಯೊಳಗೇ ಮುರಿಯಿತು. ಐದು ರೂಪಾಯಿ ಉಳಿಸಲು ಹೋಗಿ ಪ್ಲಂಬರನಿಗೆ ಹನ್ನೆರಡು ನೂರು ಕೊಟ್ಟೆ. ಮನೆಯವರು ಇವತ್ತಿಗೂ ಅದನ್ನು ನೆನಪಿಸುತ್ತಾರೆ.

ಹುಬ್ಬಳ್ಳಿ ಕಡೆ ಎರೆ ಮಣ್ಣಿನ ಮೇಲಿರೋ ಮನೆಯವರೂ ಇದನ್ನು ಓದಬಹುದು, ಅವರಿಗೊಂದು ಮಾತು. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರಿಯುತ್ತದೆ, ಜತೆಗೆ ಗೋಡೆಯೂ ಬಿರಿಯುತ್ತದೆ. ಬಿರುಕು ಕಂಡ ಕೂಡಲೇ ತುಂಬಬೇಡಿ. ಎರಡೂ ತುದಿಗೆ ಪೆನ್ಸಿಲಿನಿಂದ ಗೆರೆ ಹಾಕಿ ತಾರೀಖು ಬರೆಯಿರಿ. ಒಂದು ಮಳೆಗಾಲ, ಒಂದು ಬೇಸಿಗೆ ನೋಡಿ. ಅಲ್ಲೇ ನಿಂತಿದ್ದರೆ ಪುಟ್ಟಿ ಸಾಕು. ಉದ್ದ ಆಗುತ್ತಲೇ ಇದ್ದರೆ, ಅಥವಾ ಕಿರುಬೆರಳು ಹೋಗುವಷ್ಟು ಅಗಲ ಇದ್ದರೆ ಅದು ಪುಟ್ಟಿಯ ಕೆಲಸವಲ್ಲ, ಎಂಜಿನಿಯರ್ ನೋಡಬೇಕು.

ನಿಮ್ಮ ಮನೆಯಲ್ಲಿ ನೆಲ ಶಹಾಬಾದ್ ಫರಸಿಯೇ ಇರಬೇಕು. ಕೊಳೆ ಹೋಗಲಿ ಅಂತ ಟಾಯ್ಲೆಟ್ ತೊಳೆಯುವ ಆಸಿಡ್ ಹಾಕಬೇಡಿ. ಅದು ಸುಣ್ಣದ ಕಲ್ಲು, ಆಸಿಡ್ ಅದನ್ನು ತಿನ್ನುತ್ತದೆ, ಹೊಳಪು ಹೋಗಿ ಇನ್ನೂ ಕೊಳೆ ಹಿಡಿಯುತ್ತದೆ. ಸೋಪಿನ ಪುಡಿ, ತೆಂಗಿನ ನಾರು, ಒಂದು ಭಾನುವಾರ. ಮಳೆಗೆ ಉಬ್ಬಿ ಬಿಗಿಯಾದ ಬಾಗಿಲಿಗೂ ಹತ್ತರಿ ಹೊಡೆಸಬೇಡಿ, ಬೇಸಿಗೆಗೆ ಸಂದು ಬಿಡುತ್ತದೆ. ಸದ್ಯಕ್ಕೆ ಉಜ್ಜುವ ಅಂಚಿಗೆ ಮೇಣದಬತ್ತಿ ತಿಕ್ಕಿ.

ಇಷ್ಟಾದ ಮೇಲೆ ಉಳಿದ ದುಡ್ಡು ಬೆಳಕಿಗೆ ಮತ್ತು ಬಟ್ಟೆಗೆ. ಪಡಸಾಲೆಯಲ್ಲಿ ಬಿಳಿ ಟ್ಯೂಬ್‌ಲೈಟ್ ಒಂದೇ ಇದ್ದರೆ ಮೂಲೆಯಲ್ಲಿ 9 ವ್ಯಾಟಿನ ಹಳದಿ ಎಲ್ಇಡಿ ಬಲ್ಬು ಒಂದು ಹಾಕಿ. ಬುಟ್ಟಿ ಬೋರಲು ಹಾಕಿದರೆ ಅದೇ ಲ್ಯಾಂಪು. ಸುಣ್ಣದ ಗೋಡೆಯ ಮೇಲೆ ಆ ಬೆಳಕು ಬಿದ್ದಾಗ ನೋಡಬೇಕು ನೀವು. ಪರದೆಗೆ ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಮೀಟರ್ ಲೆಕ್ಕದಲ್ಲಿ ಬಟ್ಟೆ ಸಿಗುತ್ತದೆ. ಆದರೆ ಮೊದಲು ಮನೆಯ ಟ್ರಂಕು ತೆಗೆದು ನೋಡಿ. ನಾನು ಅವ್ವನ ಸವೆದ ಇಳಕಲ್ ಸೀರೆಯನ್ನು ಪರದೆ ಮಾಡಿದೆ. ಹರಿದದ್ದು ಒಡಲು ಮಾತ್ರ, ಸೆರಗಿನ ತೋಪು ತೆನಿ ಚಿತ್ತಾರ ಹಾಗೇ ಇತ್ತು. ಅದನ್ನು ಕೆಳಗೆ ಬರೋ ಹಾಗೆ ಹೊಲಿದೆ. ಪರದೆ ಕೋಲಿಗೆ ವೈರಿಂಗಿನ ಪೈಪು ಸಾಕು. ಕಿಟಕಿಯ ಚೌಕಟ್ಟಿಗಿಂತ ಅರ್ಧ ಅಡಿ ಮೇಲೆ ಕಟ್ಟಿದರೆ ಸೂರು ಎತ್ತರ ಅನಿಸುತ್ತದೆ. ಮಣ್ಣಿನ ಗೋಡೆಗೆ ಮೊಳೆ ಹೊಡೆಯಬೇಡಿ, ಗಿಲಾವು ಉದುರುತ್ತದೆ. ಹಳೇ ಮನೆಯಲ್ಲಿ ಗೂಟ, ಜಂತಿ ಇದ್ದೇ ಇರುತ್ತವಲ್ಲ, ಅದಕ್ಕೇ ಕಟ್ಟಿ.

ನವಲಗುಂದದ ಜಮಖಾನೆ ಕೊಳ್ಳೋ ಆಸೆ ಆಗಬಹುದು. ಹೆಣ್ಣುಮಕ್ಕಳು ಕೈಮಗ್ಗದಲ್ಲಿ ನೇಯ್ದ ನಿಜವಾದದ್ದು ಅಗ್ಗ ಅಲ್ಲ, ಅಗ್ಗಕ್ಕೆ ಕೇಳಲೂಬಾರದು. ಈ ವರ್ಷ ಮನೆಯಲ್ಲಿರೋ ಕೌದಿ ಹಾಸಿ.

ಖರ್ಚಿನ ಲೆಕ್ಕ: ಅರ್ಧ ದುಡ್ಡನ್ನು ಹಂಚು ಮತ್ತು ನೀರಿನ ಕೆಲಸಕ್ಕೆ ಎತ್ತಿಡಿ. ಅದನ್ನು ಶುರು ಮಾಡೋ ಮೊದಲು ಮಾಲೀಕರ ಹತ್ತಿರ ಮಾತಾಡಿ, ಬಾಡಿಗೆಯಲ್ಲಿ ಮುರಿದುಕೊಳ್ಳಲು ಕೇಳಿ. ಒಡೆದ ಹಂಚು, ಸೋರುವ ಪೈಪು ಅವರ ಮನೆಯದು, ನಿಮ್ಮದಲ್ಲ. ಫೋಟೋ, ರಸೀದಿ ಇಟ್ಟುಕೊಳ್ಳಿ. ಸುಣ್ಣ, ಪರದೆ, ಬಲ್ಬು ನಿಮ್ಮ ಖರ್ಚು. ಸುಣ್ಣವನ್ನು ನವರಾತ್ರಿ ಮುಗಿದ ಮೇಲೆ, ನಾಲ್ಕು ದಿನ ಬಿಸಿಲು ಬಿದ್ದಾಗ ಹಚ್ಚಿ. ಹಿಂಗಾರಿ ಮಳೆ ಹಿಡಿದರೆ ಬಿಡಿ, ಅಪ್ಪ ಅಮ್ಮ ಕೆರೆದ ಗೋಡೆಯನ್ನೇ ನೋಡಲಿ.

ಆ ಗೋಡೆಯ ಹಸಿ ನೆಲದಿಂದ ಎಷ್ಟು ಅಡಿ ಎತ್ತರಕ್ಕಿದೆ, ಅದರ ಆಚೆ ಬದಿಗೆ ಏನಿದೆ, ಇವೆರಡನ್ನು ಬರೆಯಿರಿ. ಹಂಚೋ, ಪೈಪೋ, ನೆಲವೋ ಅಂತ ಆಮೇಲೆ ಹೇಳ್ತೀನಿ.