ಪ್ರತಿಕ್ರಿಯೆ: ಎಡ್ವರ್ಡ್ಸ್ ಪ್ರವಚನ ಕೇಳಿ ಜನ ಅತ್ತದ್ದು ಯಾಕೆ?

ಪಾದ್ರಿ ಜೊನಾಥನ್ ಎಡ್ವರ್ಡ್ಸ್ 1741ರ ಜುಲೈ 8ರಂದು ಅಮೆರಿಕದ ಎನ್‌ಫೀಲ್ಡ್‌ನಲ್ಲಿ ಮಾಡಿದ 'ಸಿನ್ನರ್ಸ್ ಇನ್ ದ ಹ್ಯಾಂಡ್ಸ್ ಆಫ್ ಆ್ಯನ್ ಆ್ಯಂಗ್ರಿ ಗಾಡ್' (ಕುಪಿತ ದೇವರ ಕೈಯಲ್ಲಿ ಪಾಪಿಗಳು) ಪ್ರವಚನ ಬರೀ ನರಕದ ಬೆದರಿಕೆ ತಾನೇ, ಅದಕ್ಕೆ ಜನ ಅಷ್ಟು ಅತ್ತದ್ದು ಯಾಕೆ ಅಂತ ಕೇಳಿದ್ದೀರಿ. ನರಕದ ಮಾತು ಆ ಪ್ಯೂರಿಟನ್ (ಕಟ್ಟುನಿಟ್ಟಿನ ಪ್ರೊಟೆಸ್ಟಂಟ್ ಕ್ರೈಸ್ತರ) ಊರುಗಳ ಜನಕ್ಕೆ ಹೊಸದೇನಲ್ಲ. ನನ್ನ ಪ್ರಕಾರ ಕೆಲಸ ಮಾಡಿದ್ದು 'ನೀವು' ಅನ್ನುವ ಪದ. ಮೊದಲ ಭಾಗದಲ್ಲಿ ಎಡ್ವರ್ಡ್ಸ್ ಬೈಬಲ್‌ನ ಧರ್ಮೋಪದೇಶಕಾಂಡದ ಒಂದು ಸಾಲು ಹಿಡಿದು 'ಅವರು' ಅಂತ ಯಾರೋ ಪಾಪಿಗಳ ಬಗ್ಗೆ ಮಾತಾಡುತ್ತಾರೆ. ಆಮೇಲೆ ಥಟ್ಟನೆ ನೀವು, ನೀವು. ಬೆಂಕಿಯ ಮೇಲೆ ಜೇಡವನ್ನು ಹಿಡಿದಂತೆ ದೇವರು ನಿಮ್ಮನ್ನು ಹಿಡಿದಿದ್ದಾನೆ. ನೀವು ಜೋತಾಡುತ್ತಿರುವುದು ಒಂದು ತೆಳ್ಳನೆ ಎಳೆಗೆ. ಜೇಡ ಇಲ್ಲದ ಮನೆ ಯಾವುದಿದೆ, ಅಲ್ವಾ? ದೇವರ ಕೋಪ ಕಟ್ಟೆಯ ಹಿಂದಿನ ನೀರಿನಂತೆ ಏರುತ್ತಿದೆ, ಅವನ ಬಿಲ್ಲು ಬಗ್ಗಿದೆ, ಎಲ್ಲವೂ ಈ ಕ್ಷಣ.

ಕಿರುಚಾಡಿ ಹೆದರಿಸಿದರು ಅಂದುಕೊಳ್ಳಬೇಡಿ, ಎಡ್ವರ್ಡ್ಸ್ ಅಬ್ಬರದ ಮಾತುಗಾರರಲ್ಲ. ಆದರೂ ಜನ ಗೋಳಾಡಿದ್ದಕ್ಕೆ ಅವರು ನಡುವೆಯೇ ನಿಲ್ಲಿಸಬೇಕಾಯಿತು ಅಂತ ಅಲ್ಲಿದ್ದ ಪಾದ್ರಿ ಸ್ಟೀಫನ್ ವಿಲಿಯಮ್ಸ್ ತಮ್ಮ ದಿನಚರಿಯಲ್ಲಿ ಬರೆದಿದ್ದಾರೆ. ಅಚ್ಚಾದ ಪ್ರವಚನದ ಕೊನೆಯಲ್ಲಿ ಕ್ರಿಸ್ತ ಕರುಣೆಯ ಬಾಗಿಲು ತೆರೆದು ನಿಂತು ಕರೆಯುತ್ತಾನೆ. ಆಯ್ದ ಪುಟಗಳಲ್ಲಿ ಆ ಭಾಗ ಜಾಸ್ತಿ ಸಿಗಲ್ಲ, ಪೂರ್ತಿ ಓದಿ.