ಒಗ್ಗರಣೆ ಸೌಟಿನ ಲೆಕ್ಕ ಯಾರು ಬರೆದರು?

ಪ್ರಶ್ನೆ: ನನಗೆ 42 ವರ್ಷ. ತುಮಕೂರು ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಎತ್ತರ 157 ಸೆಂ.ಮೀ. ಫೆಬ್ರವರಿಯಲ್ಲಿ 78 ಕೆ.ಜಿ. ಇದ್ದೆ. ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ರಕ್ತದ ಸಕ್ಕರೆಯ ಸರಾಸರಿ ತೋರಿಸುವ ಪರೀಕ್ಷೆ) 6.2 ಬಂದು, 'ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದೀರಿ' ಎಂದು ಡಾಕ್ಟರು ಹೇಳಿದ ಮೇಲೆ ಮೊಬೈಲಿನ ಆ್ಯಪ್‌ನಲ್ಲಿ ತಿಂದದ್ದನ್ನೆಲ್ಲ ಬರೆದಿಡಲು ಶುರು ಮಾಡಿದೆ. ದಿನಕ್ಕೆ 1300 ಕ್ಯಾಲೊರಿ, ಸಂಜೆ ಮುಕ್ಕಾಲು ಗಂಟೆ ನಡಿಗೆ. ಜುಲೈ ಕೊನೆಗೆ 69ಕ್ಕೆ ಬಂದೆ. ಎಚ್‌ಬಿಎ1ಸಿಯೂ 5.6ಕ್ಕೆ ಇಳಿಯಿತು. ಶ್ರಾವಣ ಹಿಡಿದಾಗಿನಿಂದ ಏಳು ವಾರವಾಯಿತು, ತೂಕ ಕದಲುತ್ತಿಲ್ಲ. ಒಂದು ದಿನ 68.6, ಮಾರನೇ ದಿನ 69.8. ಪ್ರಸಾದ ಬಿಟ್ಟರೆ ಸಿಹಿ ಮುಟ್ಟಿಲ್ಲ. ಬೆಳಿಗ್ಗೆ ಬಿಸಿನೀರಿಗೆ ನಿಂಬೆಹಣ್ಣು, ಜೇನುತುಪ್ಪ ತಪ್ಪಿಸಿಲ್ಲ. ಥೈರಾಯ್ಡ್ ಪರೀಕ್ಷೆಯಲ್ಲಿ ಏನೂ ಇಲ್ಲ. ಎರಡು ವಾರದಿಂದ 1000 ಕ್ಯಾಲೊರಿಗೆ ಇಳಿಸಿದ್ದೇನೆ, ಕೂದಲು ಕೈಗೆ ಬರುತ್ತಿದೆ. ದಿನಕ್ಕೆ ಮೂರು ಸಲ ತೂಕ ನೋಡುತ್ತೇನೆ. ಯಜಮಾನರು 'ಕದ್ದು ತಿಂತಿರಬೇಕು ಬಿಡು' ಎಂದು ಅತ್ತೆಯ ಮುಂದೆಯೇ ನಕ್ಕರು. ಗೌರಿ ಹಬ್ಬದ ದಿನ ಮಗಳು ಹೋಳಿಗೆ ತಂದು ಬಾಯಿಗಿಡಲು ಬಂದಾಗ ಕೈ ತಳ್ಳಿಬಿಟ್ಟೆ. ತಟ್ಟೆ ಬಿದ್ದು ಅವಳು ಅತ್ತಳು. ನಾನು ಸುಳ್ಳು ಬರೆಯುತ್ತಿಲ್ಲ. ಮತ್ತೆ ತಪ್ಪು ಎಲ್ಲಿ?
— ಹೆಸರು ಬೇಡ

ಉತ್ತರ: ನೀವು ಕದ್ದು ತಿನ್ನುತ್ತಿಲ್ಲ. ಸುಳ್ಳು ಬರೆಯುತ್ತಲೂ ಇಲ್ಲ. ಆದರೂ ನಿಮ್ಮ ಲೆಕ್ಕ ತಪ್ಪಿದೆ ಎಂದೇ ನನ್ನ ಅನುಮಾನ. ಈ ಎರಡೂ ಒಟ್ಟಿಗೆ ನಿಜವಾಗಿರಲು ಸಾಧ್ಯ ಎನ್ನುವುದನ್ನು ನಿಮ್ಮ ಯಜಮಾನರಿಗೆ ಯಾರೂ ಹೇಳಿಲ್ಲ. ಈ ಪುಟವನ್ನು ಅವರ ಕೈಗೂ ಕೊಡಿ.

1992ರಲ್ಲಿ ನ್ಯೂಯಾರ್ಕಿನ ವೈದ್ಯರು ನಿಮ್ಮದೇ ದೂರು ಹೊತ್ತು ಬಂದವರನ್ನು ಪರೀಕ್ಷಿಸಿದರು. 'ದಿನಕ್ಕೆ 1200 ಕ್ಯಾಲೊರಿಗಿಂತ ಕಡಿಮೆ ತಿಂದರೂ ತೂಕ ಇಳಿಯುತ್ತಿಲ್ಲ' ಎಂದವರು ಅವರು. ವಿಶೇಷ ಬಗೆಯ ನೀರು ಕುಡಿಸಿ, ದೇಹ ನಿಜಕ್ಕೂ ಎಷ್ಟು ಶಕ್ತಿ ಖರ್ಚು ಮಾಡುತ್ತಿದೆ ಎಂದು ಅಳೆದರು. ಖರ್ಚಿನಲ್ಲಿ ಯಾವ ದೋಷವೂ ಇರಲಿಲ್ಲ. ತಿಂದದ್ದರಲ್ಲಿ ಹೆಚ್ಚುಕಡಿಮೆ ಅರ್ಧ, ಸರಾಸರಿ ಶೇ 47ರಷ್ಟು, ಬರವಣಿಗೆಗೆ ಬಂದೇ ಇರಲಿಲ್ಲ. ಆಮೇಲೆ ಬೇರೆ ಸಂಶೋಧಕರು ಆಹಾರ ತಜ್ಞೆಯರ ಕೈಯಲ್ಲೇ ಲೆಕ್ಕ ಬರೆಸಿ ನೋಡಿದರು. ಅಳೆದು ತೂಗುವುದೇ ಕಸುಬಾದ ಅವರೂ ದಿನಕ್ಕೆ ಇನ್ನೂರು ಚಿಲ್ಲರೆ ಕ್ಯಾಲೊರಿ ಕಡಿಮೆ ಬರೆದಿದ್ದರು. ಅಂದಮೇಲೆ ಬೆಳಿಗ್ಗೆ ಏಳಕ್ಕೆ ಮೂರು ಡಬ್ಬಿ ಕಟ್ಟಿ ಬಸ್ಸು ಹಿಡಿಯುವ ನೀವು ಬಿಟ್ಟುಹೋದದ್ದರಲ್ಲಿ ಆಶ್ಚರ್ಯವೇನು?

ದೇಹದಲ್ಲೇ ಇರುವ ಕಾರಣ ಮೊದಲು ಹೇಳಿಬಿಡುತ್ತೇನೆ, ಅದು ಚಿಕ್ಕದು. ತೂಕ ಹೀಗೆ ನಿಂತುಬಿಡುವುದಕ್ಕೆ ಜಿಮ್ಮಿನವರು 'ಪ್ಲೇಟೋ' ಎನ್ನುತ್ತಾರೆ. ನೀವು ಹುಡುಗರಿಗೆ ಭೂಪಟದಲ್ಲಿ ತೋರಿಸುವ ದಖ್ಖನ್ ಪ್ರಸ್ಥಭೂಮಿಯ ಹೆಸರೇ. ಒಂಬತ್ತು ಕೆ.ಜಿ. ಹಗುರಾದ ದೇಹವನ್ನು ನಡೆಸಲು ಕಡಿಮೆ ಇಂಧನ ಸಾಕು. ನಿಮ್ಮ ಎತ್ತರ, ವಯಸ್ಸಿಗೆ ಸೂತ್ರ ಹಾಕಿದರೆ ಫೆಬ್ರವರಿಗೂ ಈಗಕ್ಕೂ ದಿನಕ್ಕೆ ನೂರಿಪ್ಪತ್ತರಷ್ಟು ಕ್ಯಾಲೊರಿ ವ್ಯತ್ಯಾಸ ಬರುತ್ತದೆ. ಅದರ ಮೇಲೆ, ಕಡಿಮೆ ತಿನ್ನುವ ದೇಹ ತಾನಾಗಿಯೇ ಜಿಪುಣವಾಗುತ್ತದೆ. ಮೆಟ್ಟಿಲು ಬಿಟ್ಟು ಲಿಫ್ಟು ಹುಡುಕುವುದು, ನಿಂತು ಪಾಠ ಮಾಡುತ್ತಿದ್ದವರು ಕುರ್ಚಿ ಎಳೆದುಕೊಳ್ಳುವುದು ನಮಗೇ ಗೊತ್ತಾಗದಂತೆ ನಡೆಯುತ್ತದೆ. ಇನ್ನೊಂದು ಮಾತು, ಮೊದಲ ತಿಂಗಳ ವೇಗವೂ ಪೂರ್ತಿ ಕೊಬ್ಬಿನದಲ್ಲ. ದೇಹ ಕೂಡಿಟ್ಟ ಪಿಷ್ಟದ ಒಂದೊಂದು ಗ್ರಾಂ ಜೊತೆ ಸುಮಾರು ಮೂರು ಗ್ರಾಂ ನೀರಿರುತ್ತದೆ. ಊಟ ಇಳಿಸಿದ ಕೂಡಲೇ ಅದೂ ಹೋಗುತ್ತದೆ. ಆ ವೇಗವನ್ನೇ ಈಗಲೂ ನಿರೀಕ್ಷಿಸಿದರೆ ನಿರಾಸೆ ಖಂಡಿತ.

ಆದರೆ ಇಷ್ಟೆಲ್ಲ ಸೇರಿದರೂ ಏಳು ವಾರದ ನಿಲುಗಡೆಗೆ ಸಾಲದು. ನಿಜಕ್ಕೂ 1300 ಮಾತ್ರ ಹೊಟ್ಟೆಗೆ ಹೋಗಿದ್ದರೆ ಎರಡು ಕೆ.ಜಿ.ಯಾದರೂ ಇಳಿಯಬೇಕಿತ್ತು. ಹಾಗಾಗಿ ನನ್ನ ಕಣ್ಣು ನಿಮ್ಮ ಅಡುಗೆಮನೆಯ ಮೇಲೆ.

ಆ್ಯಪ್‌ನಲ್ಲಿ ಎಣ್ಣೆಯನ್ನು ಹೇಗೆ ಬರೆಯುತ್ತೀರಿ? 'ಒಂದು ಟೀ ಚಮಚ' ಎಂದು ದಿನಕ್ಕೆ ಮೂರು ಸಲ ಇರಬಹುದು. ಅಲ್ಲಿಗೆ 120 ಕ್ಯಾಲೊರಿ. ಈಗ ಆ ಚಮಚ ಮರೆತು ದಿನಸಿ ಚೀಟಿ ತೆಗೆಯಿರಿ. ತಿಂಗಳಿಗೆ ಎಷ್ಟು ಲೀಟರ್ ಎಣ್ಣೆ ತರುತ್ತೀರಿ? ನಾಲ್ಕು ಜನರ ಮನೆಗೆ ಐದು ಎಂದಿಟ್ಟುಕೊಳ್ಳೋಣ. ಒಂದು ಲೀಟರಿನಲ್ಲಿ ಎಂಟು ಸಾವಿರಕ್ಕೂ ಮೇಲೆ ಕ್ಯಾಲೊರಿ. ಐದನ್ನು ನಾಲ್ಕು ಜನಕ್ಕೆ, ಮೂವತ್ತು ದಿನಕ್ಕೆ ಹಂಚಿದರೆ ತಲೆಗೆ ದಿನಕ್ಕೆ 340ರ ಹತ್ತಿರ. ಕರಿದು ಉಳಿದ ಎಣ್ಣೆ ಸ್ವಲ್ಪ ಕಳೆಯಿರಿ, ಆದರೂ ನೀವು ಬರೆದದ್ದರ ಎರಡು ಪಟ್ಟು ದಾಟುತ್ತದೆ. ನಾನೂ ಒಮ್ಮೆ ನನ್ನ ಒಗ್ಗರಣೆ ಸೌಟನ್ನು ಅಳತೆ ಲೋಟಕ್ಕೆ ಸುರಿದು ನೋಡಿದ್ದೆ. 'ಸ್ವಲ್ಪವೇ' ಎಂದು ಇಪ್ಪತ್ತು ವರ್ಷ ಹಾಕಿಕೊಂಡು ಬಂದದ್ದು ಮೂರು ದೊಡ್ಡ ಚಮಚ. ಅವತ್ತು ಚಿತ್ರಾನ್ನ ಮಾಡುವ ಮನಸ್ಸೇ ಹೋಯಿತು.

ಮುದ್ದೆಯದೂ ಇದೇ ಕತೆ. ಆ್ಯಪ್‌ನಲ್ಲಿ 'ರಾಗಿ ಮುದ್ದೆ, 1' ಎಂದು ಒತ್ತಿದರೆ ಅದಕ್ಕೆ ಯಾರ ಮನೆಯ ಮುದ್ದೆ ಎಂದು ಗೊತ್ತಿಲ್ಲ. ಬೆಂಗಳೂರಿನ ಹೋಟೆಲಿನಲ್ಲಿ ಬಡಿಸುವ ನಿಂಬೆಹಣ್ಣಿನಂಥದೋ, ನಿಮ್ಮತ್ತೆ ಕಟ್ಟುವಂಥದೋ? ಹಿಟ್ಟನ್ನು ಒಮ್ಮೆ ತೂಗಿ, ಎಷ್ಟು ಮುದ್ದೆಯಾಯಿತೋ ಅಷ್ಟರಿಂದ ಭಾಗಿಸಿ. ನೂರು ಗ್ರಾಂ ಹಿಟ್ಟಿಗೆ 320 ಕ್ಯಾಲೊರಿಯಷ್ಟು. ಅಕ್ಕಿಯನ್ನೂ ಬೇಯಿಸುವ ಮೊದಲೇ ತೂಗಿ, ಬರೆಯುವಾಗಲೂ ಹಸಿ ಅಕ್ಕಿಯ ಲೆಕ್ಕವನ್ನೇ ಆರಿಸಿ. ಬೆಂದ ಅನ್ನ ನೂರು ಗ್ರಾಂಗೆ 130ರಷ್ಟು, ಹಸಿ ಅಕ್ಕಿ 350ರಷ್ಟು. ಒಂದನ್ನು ತೂಗಿ ಇನ್ನೊಂದನ್ನು ಒತ್ತಿದರೆ ಇಡೀ ದಿನದ ಲೆಕ್ಕ ಹಳ್ಳ ಹಿಡಿಯುತ್ತದೆ. ಹಾಲಿನ ಪ್ಯಾಕೆಟ್ಟಿನ ಬಣ್ಣವೂ ಮುಖ್ಯ: ಟೋನ್ಡ್ ಹಾಲಿನಲ್ಲಿ ಶೇ 3ರಷ್ಟು ಕೊಬ್ಬು, ಕೆನೆಭರಿತದಲ್ಲಿ ಅದರ ಎರಡರಷ್ಟು.

ಇನ್ನು ಬರವಣಿಗೆಗೇ ಬಾರದವು. ನಿಮ್ಮ ಪತ್ರದಲ್ಲೇ ಎರಡು ಸಿಕ್ಕಿಬಿದ್ದಿವೆ. ಬೆಳಿಗ್ಗೆಯ ಜೇನುತುಪ್ಪ. ಅದು 'ಔಷಧಿ', ಆದ್ದರಿಂದ ಲೆಕ್ಕಕ್ಕಿಲ್ಲ, ಅಲ್ಲವೇ? ದೊಡ್ಡ ಚಮಚಕ್ಕೆ ಅರವತ್ತು ಕ್ಯಾಲೊರಿ, ಮತ್ತು ಅದು ಕೊಬ್ಬು ಕರಗಿಸುವುದಿಲ್ಲ. ಬಿಸಿನೀರಿಗೆ ನಿಂಬೆಹಣ್ಣು ಬೇಕಾದರೆ ಹಿಂಡಿಕೊಳ್ಳಿ, ಜೇನು ಬಿಡಿ. ಎರಡನೆಯದು ಪ್ರಸಾದ. ನಾಗರ ಪಂಚಮಿಗೆ ತಂಬಿಟ್ಟು, ವರಮಹಾಲಕ್ಷ್ಮಿ, ಕೃಷ್ಣಾಷ್ಟಮಿಯ ಚಕ್ಕುಲಿ ಉಂಡೆ, ಗೌರಿ-ಗಣೇಶದ ಕಡುಬು, ನಡುನಡುವೆ ಯಾರದೋ ಮನೆಯ ಸತ್ಯನಾರಾಯಣ ಪೂಜೆ. ನಿಮ್ಮ ಏಳು ವಾರ ಬಂದು ಕೂತಿರುವುದು ಪಂಚಾಂಗದ ಯಾವ ಜಾಗದಲ್ಲಿ, ನೋಡಿ! ರವೆ, ಸಕ್ಕರೆ, ತುಪ್ಪ ಸಮಸಮ ಹಾಕಿದ ಸಪಾತ ಒಂದು ಮುಷ್ಟಿಯೇ 150 ಕ್ಯಾಲೊರಿ ಮುಟ್ಟುತ್ತದೆ. ದೇವರ ಪ್ರಸಾದವನ್ನು ಮೊಬೈಲಿನಲ್ಲಿ ನಮೂದಿಸಲು ಕೈ ಬರುವುದಿಲ್ಲ, ನನಗೆ ಅರ್ಥವಾಗುತ್ತದೆ. ಬರೆಯಿರಿ, ದೇವರು ಬೇಜಾರು ಮಾಡಿಕೊಳ್ಳುವುದಿಲ್ಲ.

ಮೂರನೆಯದು ಪತ್ರದಲ್ಲಿಲ್ಲ, ಆದರೆ ನಮ್ಮಲ್ಲಿ ಯಾವ ತಾಯಿಯೂ ಇದರಿಂದ ತಪ್ಪಿಸಿಕೊಂಡದ್ದನ್ನು ನಾನು ಕಂಡಿಲ್ಲ. ಮಕ್ಕಳ ತಟ್ಟೆಯಲ್ಲಿ ಉಳಿದ ಅರ್ಧ ದೋಸೆ, ಡಬ್ಬಿಯಲ್ಲಿ ವಾಪಸ್ ಬಂದ ಪುಳಿಯೋಗರೆ, ಫ್ರಿಜ್ಜಿಗಿಡುವಷ್ಟಿಲ್ಲ ಎಂದು ನಿಂತಲ್ಲೇ ಬಾಯಿಗೆ ಹಾಕಿಕೊಂಡ ಒಂದು ಹಿಡಿ ಅನ್ನ. ಅನ್ನ ಚೆಲ್ಲಬಾರದು ಎಂದು ಕಲಿಸಿದ ಮನೆಗಳಲ್ಲಿ ತಾಯಿಯ ಹೊಟ್ಟೆಯೇ ಕೊನೆಯ ಪಾತ್ರೆ. ನಿಂತು ತಿಂದದ್ದು ಊಟ ಎಂದು ಯಾರಿಗೂ ಅನ್ನಿಸುವುದಿಲ್ಲ, ನೆನಪೂ ಉಳಿಯುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಎರಡು ವಾರ ತೂಕ ಇಳಿಸುವ ಆಸೆಯನ್ನೇ ಬದಿಗಿಡಿ. ಕಡಿಮೆ ತಿನ್ನಲು ಹೋಗಬೇಡಿ, ತಿಂದದ್ದನ್ನು ಸರಿಯಾಗಿ ಬರೆಯಿರಿ, ಅಷ್ಟೇ. ಅಡುಗೆಮನೆಗೊಂದು ಚಿಕ್ಕ ಡಿಜಿಟಲ್ ತಕ್ಕಡಿ ತನ್ನಿ. ಎಣ್ಣೆಗೆ ಆ ಎರಡು ವಾರದ ಮಟ್ಟಿಗೆ ಬೇರೆ ಬಾಟಲಿ ಇಟ್ಟು ಎಷ್ಟು ಖಾಲಿಯಾಯಿತು ನೋಡಿ. ಬಾಯಿಗೆ ಹೋಗುವ ಮುಂಚೆ ಬರೆಯಿರಿ, ರಾತ್ರಿ ಮಲಗುವಾಗ ನೆನಪಿಸಿಕೊಂಡಲ್ಲ. ಬಂದ ಸಂಖ್ಯೆ 1750 ಆಗಿರಬಹುದು. ಆಗಲಿ, ಅದು ನಿಮ್ಮ ಈಗಿನ ದೇಹದ ನಿಜವಾದ ಖರ್ಚು ಎಂದು ತಿಳಿಯಿರಿ, ಏಕೆಂದರೆ ಅಷ್ಟರಲ್ಲಿ ನೀವು ಏರುತ್ತಲೂ ಇಲ್ಲ, ಇಳಿಯುತ್ತಲೂ ಇಲ್ಲ. ಅಲ್ಲಿಂದ 300 ಕಡಿಮೆ ಮಾಡಿದರೆ ಸಾಕು. ಕಾಗದದ ಮೇಲಿನ 1000ಕ್ಕಿಂತ ನಿಜವಾದ 1450 ಚೆನ್ನಾಗಿ ಕೆಲಸ ಮಾಡುತ್ತದೆ, ಮತ್ತು ರಾತ್ರಿ ಹಸಿವಿನಿಂದ ಎಚ್ಚರವಾಗುವುದಿಲ್ಲ.

1000ವನ್ನು ಇವತ್ತೇ ಬಿಡಿ. ಕೂದಲು ಉದುರುತ್ತಿರುವುದು ಈ ಎರಡು ವಾರದ ಫಲವಲ್ಲ. ವೇಗವಾಗಿ ತೂಕ ಇಳಿದ ಎರಡು-ಮೂರು ತಿಂಗಳ ನಂತರ ಹೀಗಾಗುವುದುಂಟು, ಸಾಮಾನ್ಯವಾಗಿ ಮತ್ತೆ ಬರುತ್ತದೆ. ಆದರೂ ಹಿಮೋಗ್ಲೋಬಿನ್ ಮತ್ತು ಕಬ್ಬಿಣಾಂಶ ಒಮ್ಮೆ ನೋಡಿಸಿ; ಮುಟ್ಟು ಏರುಪೇರಾಗಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ಊಟದಲ್ಲಿ ಪ್ರೋಟೀನ್ ದಿನಕ್ಕೆ ಅರವತ್ತು ಗ್ರಾಂ ಮುಟ್ಟಿಸಿ. ಅನ್ನದ ಜೊತೆ ತಿಳಿಸಾರು ಎಷ್ಟು ಸುರಿದುಕೊಂಡರೂ ಅದು ಮುಟ್ಟುವುದಿಲ್ಲ. ಮೊಳಕೆ ಹುರುಳಿ, ಅವರೆ, ಅಲಸಂದೆಯ ಗಟ್ಟಿ ಪಲ್ಯ, ಮೊಸರು, ತಿನ್ನುವವರಾದರೆ ಮೊಟ್ಟೆ, ಮೀನು ಬೇಕು. ನಡಿಗೆ ಇರಲಿ, ಜೊತೆಗೆ ವಾರಕ್ಕೆರಡು ದಿನ ಭಾರ ಎತ್ತಿ. ಜಿಮ್ಮೇ ಬೇಕಿಲ್ಲ. ಕುರ್ಚಿಯಿಂದ ಕೈಯೂರದೆ ಎದ್ದು ಕೂರುವುದು, ಗೋಡೆಗೆ ಕೈಕೊಟ್ಟು ದಂಡ ಹೊಡೆಯುವುದು, ಐದು ಲೀಟರಿನ ನೀರಿನ ಕ್ಯಾನು. ನಲವತ್ತು ದಾಟಿದ ಮೇಲೆ ಸ್ನಾಯು ಉಳಿಸಿಕೊಳ್ಳದಿದ್ದರೆ ತಕ್ಕಡಿ ಇಳಿದೂ ಪ್ರಯೋಜನವಿಲ್ಲ.

ತಕ್ಕಡಿಯ ಮಾತು ಬಂತು. ಮೂರು ಸಲ ಏಕೆ? ಒಂದು ಲೋಟ ನೀರು ಕುಡಿದರೆ ಇನ್ನೂರು ಗ್ರಾಂ ಏರುತ್ತದೆ. ಹಿಂದಿನ ದಿನ ಉಪ್ಪಿನಕಾಯಿ, ಹಪ್ಪಳ ಜಾಸ್ತಿಯಾದರೆ, ಮುಟ್ಟಿನ ಮುಂಚಿನ ದಿನಗಳಾದರೆ ಒಂದು ಕೆ.ಜಿ. ಏರುವುದೂ ಉಂಟು. ನಿಮ್ಮ 68.6 ಮತ್ತು 69.8ರ ನಡುವೆ ಇರುವುದು ನೀರು. ಬೆಳಿಗ್ಗೆ ಎದ್ದು ಒಂದೇ ಸಲ ನೋಡಿ, ವಾರದ ಏಳನ್ನೂ ಕೂಡಿಸಿ ಭಾಗಿಸಿ, ಆ ಒಂದು ಸಂಖ್ಯೆಯನ್ನು ಹಿಂದಿನ ತಿಂಗಳ ಅದೇ ವಾರಕ್ಕೆ ಹೋಲಿಸಿ. ಸೊಂಟಕ್ಕೆ ಟೇಪು ಹಿಡಿಯಿರಿ. ನಮ್ಮ ಹೆಂಗಸರಿಗೆ 80 ಸೆಂ.ಮೀ. ಒಳಗಿರುವುದು ಒಳ್ಳೆಯದು.

ಅಷ್ಟು ಮಾಡಲೂ ಈಗ ತ್ರಾಣವಿಲ್ಲ ಅನ್ನಿಸುತ್ತಿದ್ದರೆ ದಸರಾ ಮುಗಿಯುವ ತನಕ 69ರಲ್ಲೇ ಇರಿ. ಇದನ್ನು ಸೋಲು ಎಂದು ನಾನು ಒಪ್ಪುವುದಿಲ್ಲ. 2002ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನದಲ್ಲಿ ನಿಮ್ಮ ಹಾಗೆಯೇ ಹೊಸ್ತಿಲಲ್ಲಿದ್ದವರಿಗೆ ದೇಹತೂಕದ ಶೇ 7ರಷ್ಟು ಇಳಿಸುವ ಗುರಿ, ವಾರಕ್ಕೆ 150 ನಿಮಿಷದ ನಡಿಗೆ ಕೊಟ್ಟಿದ್ದರು. ಸಕ್ಕರೆ ಕಾಯಿಲೆಗೆ ಬೀಳುವವರ ಪ್ರಮಾಣ ಶೇ 58ರಷ್ಟು ಇಳಿಯಿತು. ನೀವು ಶೇ 11 ದಾಟಿದ್ದೀರಿ. ಡಾಕ್ಟರು ಹೆದರಿಸಿದ ಆ 6.2 ಈಗ 5.6. ಫೆಬ್ರವರಿಯಲ್ಲಿ ನೀವು ಹೊರಟದ್ದು ಅದಕ್ಕಾಗಿ. ಪತ್ರದಲ್ಲಿ ಅದಕ್ಕೆ ಒಂದೇ ಸಾಲು ಕೊಟ್ಟಿದ್ದೀರಿ.

ಯಜಮಾನರ ನಗೆಯ ಬಗ್ಗೆ: ಅತ್ತೆಯ ಮುಂದೆ ಆಡಿದ ಮಾತಿಗೆ ಅತ್ತೆಯ ಮುಂದೆಯೇ ಉತ್ತರ ಹೇಳಿ, ಜಗಳವಾಡದೆ. 'ನಾನು ಕದ್ದಿಲ್ಲ. ಎಣ್ಣೆ ಎಷ್ಟು ಹೋಗುತ್ತಿದೆ ಅಂತ ತಿಳಿಯಬೇಕು. ಎರಡು ವಾರ ಒಗ್ಗರಣೆ ನೀವು ಹಾಕಿ, ಅಳತೆ ಚಮಚದಲ್ಲಿ.' ಸೌಟು ಅವರ ಕೈಗೆ ಕೊಟ್ಟುಬಿಡಿ. ಸಾಸಿವೆ ಸಿಡಿಯುವ ಹೊತ್ತಿಗೆ ಲೆಕ್ಕ ಎಷ್ಟು ಜಾರುತ್ತದೆ ಎಂದು ಅವರಿಗೇ ತಿಳಿಯುತ್ತದೆ.

ಮಗಳ ವಿಷಯ ನನಗೆ ಇವೆಲ್ಲಕ್ಕಿಂತ ದೊಡ್ಡದು. ಅವಳ ವಯಸ್ಸು ಬರೆದಿಲ್ಲ. ಹೋಳಿಗೆ ತಂದು ಬಾಯಿಗಿಡುವ ವಯಸ್ಸೆಂದರೆ ಎಲ್ಲವನ್ನೂ ನೋಡಿ ಕಲಿಯುವ ವಯಸ್ಸು. ಅಮ್ಮ ದಿನಕ್ಕೆ ಮೂರು ಸಲ ತಕ್ಕಡಿ ಹತ್ತಿ ಮುಖ ಬಾಡಿಸಿಕೊಂಡು ಇಳಿಯುವುದನ್ನು ಅವಳು ನೋಡುತ್ತಿದ್ದಾಳೆ. ಬೆಳಿಗ್ಗೆ ಒಂದು ಸಲ ನೋಡಿದ ಮೇಲೆ ತಕ್ಕಡಿಯನ್ನು ಅವಳ ಕಣ್ಣಿಗೆ ಬೀಳದ ಕಡೆ ಎತ್ತಿಡಿ. ಅವಳನ್ನು ಕೂರಿಸಿಕೊಂಡು 'ಅವತ್ತು ನಿನ್ನ ಮೇಲೆ ಸಿಟ್ಟಲ್ಲ, ಕೈ ತಳ್ಳಿದ್ದು ನನ್ನ ತಪ್ಪು' ಎಂದು ಹೇಳಿ. ಊಟ ಕಂಡರೆ ಭಯ, ತಿಂದ ಮೇಲೆ ವಾಂತಿ ಮಾಡುವ ಯೋಚನೆ, ಅಳು ನಿಲ್ಲದಿರುವುದು ಇವೇನಾದರೂ ಇದ್ದರೆ ಆ್ಯಪನ್ನೇ ಅಳಿಸಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಮುಂದಿನ ಹಬ್ಬಕ್ಕೆ ಹೋಳಿಗೆ ಅವಳ ಕೈಯಿಂದಲೇ ತಿನ್ನಿ, ಕೂತುಕೊಂಡು, ಒಂದು. ತುಪ್ಪ ಎಷ್ಟು ಹಾಕಿದಳೋ ಅದನ್ನೂ ಬರೆದುಕೊಳ್ಳಿ. ಎರಡು ವಾರದ ಲೆಕ್ಕ ನನಗೆ ಕಳಿಸಿ, ಪ್ರಸಾದವನ್ನೂ ಸೇರಿಸಿ.